ಬಸ್ ಹತ್ತುವ ಮುನ್ನ ಲ್ಯಾಪ್‌ಟಾಪಿನ ಬೆನ್ನು ನೋಡಿ

ಮೈಸೂರು–ಗುಂಡ್ಲುಪೇಟೆ ಹೆದ್ದಾರಿಯಲ್ಲಿ ಓಡಾಡುವವರಿಗೆ ಬೇಗೂರು ಹೊಸ ಊರಲ್ಲ. ಸೂರ್ಯಕಾಂತಿ ಅರಳುವ ಕಾಲಕ್ಕೆ ಈ ಸೀಮೆಯ ಹೊಲಗಳ ಪಕ್ಕ ಕಾರು ನಿಲ್ಲಿಸಿ ಫೋಟೊ ತೆಗೆದುಕೊಳ್ಳುವವರು ಎಷ್ಟೋ ಮಂದಿ. ಊರಿನಲ್ಲೇ ಇರುವವರಿಗೆ ಆ ಹೆದ್ದಾರಿಯ ಲೆಕ್ಕವೇ ಬೇರೆ. ಇಲ್ಲಿ ಸಿಗದಿದ್ದರೆ ಗುಂಡ್ಲುಪೇಟೆ, ಅಲ್ಲೂ ಇಲ್ಲದಿದ್ದರೆ ನಂಜನಗೂಡು, ನಾಲ್ಕು ಬಗೆ ನೋಡಿ ಆರಿಸಬೇಕೆಂದರೆ ಮೈಸೂರು. ಹಾರ್ಡ್ ಡಿಸ್ಕಿನ ಬದಲು ಲ್ಯಾಪ್‌ಟಾಪಿಗೆ ಹಾಕುವ ಎಸ್‌ಎಸ್‌ಡಿ ಈ ಕೊನೆಯ ಪಟ್ಟಿಗೆ ಸೇರಿದ ವಸ್ತು. ಅಂಗಡಿಯವನು ಕೊಟ್ಟಿದ್ದನ್ನು ತಂದು, ಮನೆಯಲ್ಲಿ ಬಿಚ್ಚಿ ನೋಡಿ, ಅದು ಕೂರುವುದಿಲ್ಲ ಎಂದು ಗೊತ್ತಾದರೆ ಮತ್ತೊಂದು ದಿನ ಹಾಳು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಟಿಕೆಟ್ ದುಡ್ಡು ಉಳಿಯಬಹುದು, ದಿನವಂತೂ ಉಳಿಯುವುದಿಲ್ಲ.

ಆದ್ದರಿಂದ ಯಾವ ಎಸ್‌ಎಸ್‌ಡಿ ಎಂಬ ಪ್ರಶ್ನೆಯ ಮುಕ್ಕಾಲು ಪಾಲು ಊರಿನಲ್ಲೇ ಇತ್ಯರ್ಥವಾಗಬೇಕು. ಜಾಹೀರಾತಿನ ವೇಗದ ಅಂಕಿಗಳು ಆ ಮುಕ್ಕಾಲು ಪಾಲಿನಲ್ಲಿ ಬರುವುದೇ ಇಲ್ಲ.

ಈ ಪ್ರಶ್ನೆ ಕೇಳುವವರು ಯಾರು ನೋಡಿ. ಸರ್ಕಾರಿ ಪದವಿ ಕಾಲೇಜಿನಲ್ಲಿ ಓದುವಾಗ ಉಚಿತ ಲ್ಯಾಪ್‌ಟಾಪ್ ಪಡೆದು ಈಗ ಕೆಎಎಸ್, ಪಿಡಿಒ ಪರೀಕ್ಷೆಗೆ ಓದುತ್ತಿರುವವರು. ಗ್ರಾಮ ಒನ್ ಅಥವಾ ಸೇವಾ ಕೇಂದ್ರ ನಡೆಸುವವರು. ಲಗ್ನಪತ್ರಿಕೆ, ಬ್ಯಾನರ್ ಮಾಡುವ ಡಿಟಿಪಿ ಅಂಗಡಿಯವರು. ಮೇಷ್ಟ್ರುಗಳು. ಇವರಲ್ಲಿ ಯಾರ ಯಂತ್ರ ನೋಡಿದರೂ ದೂರು ಒಂದೇ: ಆನ್ ಮಾಡಿ ಟೀ ಕುಡಿದು ಬಂದರೂ ಪರದೆಯಲ್ಲಿ ಇನ್ನೂ ಚಕ್ರ ತಿರುಗುತ್ತಿರುತ್ತದೆ. ಪಹಣಿಗೆ ಬಂದವರು ಬಾಗಿಲಲ್ಲಿ ನಿಂತು, 'ಸರ್ವರ್ ಇಲ್ವಾ ಸಾರ್?' ಎಂದು ಕೇಳುತ್ತಾರೆ. ಸರ್ವರ್ ಇದೆ, ಲ್ಯಾಪ್‌ಟಾಪೇ ಇನ್ನೂ ಎದ್ದಿಲ್ಲ.

ಕಾರಣ ಸರಳ. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನೊಳಗೆ ಒಂದು ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಅದನ್ನು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಮುಳ್ಳೂ ಜಾಗ ಬದಲಿಸಬೇಕು. ಎಲ್ಲ ಸೇರಿ ಒಂದೊಂದು ತುಣುಕಿಗೆ ಹದಿನೈದು ಮಿಲಿಸೆಕೆಂಡಿನ ಆಸುಪಾಸು. ವಿಂಡೋಸ್ ಏಳುವಾಗ ಇಂಥ ಸಾವಿರಾರು ಸಣ್ಣ ತುಣುಕುಗಳನ್ನು ಅಲ್ಲಲ್ಲಿಂದ ಹೆಕ್ಕುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಅದರಲ್ಲಿರುವುದು 1980ರ ದಶಕದಲ್ಲಿ ಜಪಾನಿನ ತೋಷಿಬಾ ಕಂಪನಿಯಲ್ಲಿ ಫುಜಿಯೊ ಮಸುವೊಕ ರೂಪಿಸಿದ ಫ್ಲ್ಯಾಶ್ ಮೆಮೊರಿಯ ಮುಂದುವರಿದ ರೂಪ. ಒಂದು ತುಣುಕು ಓದಲು ಅದಕ್ಕೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಹಾಗಾಗಿ ತೀರಾ ಸಾಧಾರಣ ಎಸ್‌ಎಸ್‌ಡಿ ಹಾಕಿದರೂ ಎರಡು ಮೂರು ನಿಮಿಷ ಹಿಡಿಯುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ಎದ್ದು ಕೂರುತ್ತದೆ.

ಮುಂದಿನ ಎಲ್ಲ ತೀರ್ಮಾನಕ್ಕೂ ಇದೇ ಬುನಾದಿ. ಹಳೆಯ ಬಗೆಯ ಜೋಡಣೆಯಾದ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಹೊಸ ಬಗೆಯ ಎನ್‌ವಿಎಂಇಯಲ್ಲಿ ಮೂರನೇ ತಲೆಮಾರಿನದು 3500, ನಾಲ್ಕನೆಯದು 7000ದವರೆಗೆ. ಅಂಕಿಗಳ ನಡುವಿನ ಅಂತರ ದೊಡ್ಡದು. ಆದರೆ ಈ ಅಂಕಿಗಳು ದೊಡ್ಡ ಫೈಲೊಂದನ್ನು ಒಂದೇ ಸಮನೆ ಓದುವಾಗಿನ ಮಾತು. ಬ್ರೌಸರ್ ತೆರೆದು ಅರ್ಜಿ ತುಂಬುವ, ಪಿಡಿಎಫ್ ಓದುವ, ನುಡಿಯಲ್ಲಿ ಪತ್ರ ಟೈಪಿಸುವ ಕೆಲಸದಲ್ಲಿ ಹಾರ್ಡ್ ಡಿಸ್ಕಿನಿಂದ ಸಾಟಾಗೆ ಬಂದಾಗ ಹಗಲು ರಾತ್ರಿಯ ವ್ಯತ್ಯಾಸ ಕಾಣುತ್ತದೆ. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಕಾಣುವುದು ಅಲ್ಪಸ್ವಲ್ಪ. ಮದುವೆ ವಿಡಿಯೊ ಎಡಿಟ್ ಮಾಡುವವರ ಮಾತು ಬೇರೆ.

ಈ ಯಂತ್ರಕ್ಕೆ ದುಡ್ಡು ಹಾಕಬಹುದೇ?

ಮೊದಲು ಈ ಪ್ರಶ್ನೆ, ಆಮೇಲೆ ಅಂಗಡಿ. ಲ್ಯಾಪ್‌ಟಾಪಿನ ಪ್ರೊಸೆಸರ್ ಹೆಸರು ನೋಡಿ. ಸ್ಟಾರ್ಟ್ ಮೆನುವಿನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂದು ಹೋದರೆ ಸಿಗುತ್ತದೆ. ಇಂಟೆಲ್ ಆದರೆ ಐ3, ಐ5 ಎಂಬುದರ ಪಕ್ಕದ ಗೆರೆಯ ಆಚೆಗಿನ ಅಂಕಿಯಲ್ಲಿ ತಲೆಮಾರು ಅಡಗಿದೆ. ಐ3-5005ಯು ಎಂದರೆ ಐದನೇ ತಲೆಮಾರು, ಐ5-8250ಯು ಎಂದರೆ ಎಂಟನೆಯದು, ಐ5-1135ಜಿ7 ಎಂದರೆ ಹನ್ನೊಂದನೆಯದು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್.

ಇದನ್ನು ಈಗ ಕೇಳಲೇಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಣೆ ಎಂದು ಕಂಪನಿ ಆಗ ಹೇಳಿತ್ತು. ದಿನವಿಡೀ ಬ್ಯಾಂಕ್, ಆಧಾರ್ ವ್ಯವಹಾರ ನಡೆಸುವ ಸೇವಾ ಕೇಂದ್ರದವರು ಬೆಂಬಲವಿಲ್ಲದ ವಿಂಡೋಸಿನಲ್ಲಿ ಮುಂದುವರಿಯುವುದು ತರವಲ್ಲ. ಅವರ ಯಂತ್ರ ಏಳನೇ ತಲೆಮಾರಿನದೋ ಅದಕ್ಕಿಂತ ಹಳೆಯದೋ ಆಗಿದ್ದರೆ ನನ್ನ ಸಲಹೆ ಇಷ್ಟೇ: ಎಸ್‌ಎಸ್‌ಡಿ ದುಡ್ಡನ್ನು ಎಂಟನೇ ತಲೆಮಾರಿನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಕಡೆಗೆ ತಿರುಗಿಸಿ.

ವಿದ್ಯಾರ್ಥಿಗಳಿಗೆ ಇನ್ನೊಂದು ದಾರಿಯಿದೆ. ಹಳೆಯ ಯಂತ್ರಕ್ಕೆ ಸಣ್ಣ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಳ್ಳುವುದು. ಉಚಿತ, ಯೂನಿಕೋಡ್ ಕನ್ನಡ ಟೈಪಿಂಗ್ ಸರಾಗ. ಇದೇನು ಕೈಗೆಟುಕದ ವಿದ್ಯೆ ಎಂದುಕೊಳ್ಳಬೇಡಿ. ಇದೇ ಹೆದ್ದಾರಿ ಹಿಡಿದು ಬಂಡೀಪುರ ದಾಟಿದರೆ ಸಿಗುವ ವಯನಾಡಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುತ್ತಿರುವುದು ಕೇರಳ ಸರ್ಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸಿನಲ್ಲೇ.

ರ‍್ಯಾಮ್ ಎಷ್ಟಿದೆ ಎಂಬುದನ್ನೂ ಅದೇ ಪುಟದಲ್ಲಿ ನೋಡಿ. 4 ಜಿಬಿ ಇದ್ದರೆ ಎಸ್‌ಎಸ್‌ಡಿ ಒಂದರಿಂದಲೇ ಪೂರ್ತಿ ಸುಖ ಸಿಗದು. ರ‍್ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕನ್ನೇ ರ‍್ಯಾಮಿನಂತೆ ಬಳಸುತ್ತದೆ; ಎಸ್‌ಎಸ್‌ಡಿ ವೇಗವೇ ಆದರೂ ರ‍್ಯಾಮಿನಷ್ಟು ಅಲ್ಲ. ಕೈಯಲ್ಲಿರುವ ದುಡ್ಡಿಗೆ 1 ಟಿಬಿ ಎಸ್‌ಎಸ್‌ಡಿ ಅಥವಾ 500 ಜಿಬಿ ಎಸ್‌ಎಸ್‌ಡಿ ಜೊತೆಗೆ 4 ಜಿಬಿ ಹೆಚ್ಚುವರಿ ರ‍್ಯಾಮ್ ಎಂಬ ಆಯ್ಕೆ ಬಂದರೆ ಕಣ್ಣುಮುಚ್ಚಿ ಎರಡನೆಯದಕ್ಕೆ ಹೋಗಿ. ಡಿಡಿಆರ್3ಎಲ್, ಡಿಡಿಆರ್4 ಇವೆರಡೂ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಅದನ್ನೂ ಬರೆದುಕೊಂಡು ಹೊರಡಿ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ಏನೂ ಮಾಡಲಾಗದು.

ಹಿಂಜು ಮುರಿದಿದೆ, ಕೀಬೋರ್ಡಿನ ನಾಲ್ಕು ಕೀಲಿ ಸತ್ತಿವೆ, ಬ್ಯಾಟರಿ ಉಬ್ಬಿದೆ ಎಂದಾದರೆ ಮುಂದೆ ಓದುವ ಅಗತ್ಯವೇ ಇಲ್ಲ. ಉಬ್ಬಿದ ಬ್ಯಾಟರಿಯನ್ನಂತೂ ಇವತ್ತೇ ತೆಗೆಸಿ.

ಒಳಗೆ ಯಾವ ಜಾಗ ಇದೆ?

ತಪ್ಪು ಖರೀದಿಗಳಲ್ಲಿ ಹೆಚ್ಚಿನವು ಆಗುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ ಕೂರುವ ಜಾಗ ಮುಖ್ಯವಾಗಿ ಎರಡು ಬಗೆ. ಒಂದು, ಹಳೆಯ ಹಾರ್ಡ್ ಡಿಸ್ಕ್ ಕೂತಿರುವ ಎರಡೂವರೆ ಇಂಚಿನ ಗೂಡು. ಅಲ್ಲಿಗೆ ಇಸ್ಪೀಟೆಲೆಗಿಂತ ತುಸು ದೊಡ್ಡದಾದ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ ನೇರವಾಗಿ ಕೂರುತ್ತದೆ. ಹಳೆಯ ಡಿಸ್ಕು 9.5 ಮಿಲಿಮೀಟರ್ ದಪ್ಪದ್ದಾಗಿದ್ದರೆ ಹೊಸದು ಅಲುಗಾಡದಿರಲು ತೆಳುವಾದ ಪ್ಲಾಸ್ಟಿಕ್ ಚೌಕಟ್ಟು ಬೇಕು. ಕೆಲವು ಕಂಪನಿಗಳು ಡಬ್ಬಿಯಲ್ಲೇ ಕೊಡುತ್ತವೆ. ಎರಡು, ಎಂ.2 ಎಂಬ ಸ್ಲಾಟ್. ಇಲ್ಲಿ ಕೂರುವುದು ಚೂಯಿಂಗ್ ಗಮ್ಮಿನ ಪಟ್ಟಿಯಷ್ಟು ಅಗಲದ ಬರಿಯ ಬೋರ್ಡು. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. 2242 ಮತ್ತು 2230 ಎಂಬ ಗಿಡ್ಡ ಅಳತೆಗಳೂ ಇವೆ.

ಎಂ.2 ಎಂಬುದು ಸ್ಲಾಟಿನ ಆಕಾರದ ಹೆಸರು ಮಾತ್ರ. ಅದರೊಳಗೆ ಹರಿಯುವುದು ಸಾಟಾ ಇರಬಹುದು, ಎನ್‌ವಿಎಂಇ ಇರಬಹುದು, ಎರಡೂ ಇರಬಹುದು. ಸಾಟಾ ಮಾತ್ರ ಒಪ್ಪುವ ಸ್ಲಾಟಿಗೆ ಎನ್‌ವಿಎಂಇ ತಂದು ಸಿಕ್ಕಿಸಿದರೆ ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ಎಂ.2 ಸಾಟಾ ಎಸ್‌ಎಸ್‌ಡಿಯ ಹಲ್ಲುಗಳಲ್ಲಿ ಸಾಮಾನ್ಯವಾಗಿ ಎರಡು ಕಚ್ಚು ಇರುತ್ತವೆ, ಎನ್‌ವಿಎಂಇಯಲ್ಲಿ ಒಂದು. ಆದರೆ ಎರಡು ಕಚ್ಚಿನ ಎನ್‌ವಿಎಂಇಗಳೂ ಬಂದಿವೆ, ಆದ್ದರಿಂದ ಕಚ್ಚು ಎಣಿಸಿ ದುಡ್ಡು ಕೊಡಬೇಡಿ, ಲೇಬಲ್ ಓದಿ. ಇನ್ನೊಂದು ಗೊಂದಲ: ವೈಫೈ ಕಾರ್ಡ್ ಕೂತಿರುವ ಪುಟ್ಟ ಸ್ಲಾಟೂ ಎಂ.2 ಜಾತಿಯದೇ. ಅದನ್ನು ನೋಡಿ 'ನಮ್ಮ ಲ್ಯಾಪ್‌ಟಾಪಲ್ಲೂ ಎಂ.2 ಇದೆ' ಎಂದು ಖುಷಿಪಟ್ಟವರಿದ್ದಾರೆ.

ಅಂದಾಜಿಗೆ ಹೇಳುವುದಾದರೆ 2015ಕ್ಕಿಂತ ಹಳೆಯ ಯಂತ್ರವಾದರೆ ಬಹುತೇಕ ಎರಡೂವರೆ ಇಂಚಿನ ಗೂಡು ಮಾತ್ರ. ಅಲ್ಲಿಂದ 2020ರ ಆಸುಪಾಸಿನವರೆಗೆ ಬಂದ ಹಲವು ಮಾದರಿಗಳಲ್ಲಿ ಗೂಡೂ ಇದೆ, ಖಾಲಿ ಬಿಟ್ಟ ಎಂ.2 ಸ್ಲಾಟೂ ಇದೆ. ಆಮೇಲಿನವುಗಳಲ್ಲಿ ಹೆಚ್ಚಾಗಿ ಎಂ.2 ಮಾತ್ರ. ಅಂದಾಜನ್ನು ನಂಬಿ ಬಸ್ ಹತ್ತಬೇಡಿ. ಲ್ಯಾಪ್‌ಟಾಪ್ ತಿರುಗಿಸಿ, ಬೆನ್ನಿನ ಸ್ಟಿಕ್ಕರಿನಲ್ಲಿರುವ ಪೂರ್ತಿ ಮಾದರಿ ಸಂಖ್ಯೆಯ ಫೋಟೊ ತೆಗೆಯಿರಿ. ಡೆಲ್ ಆದರೆ ಏಳು ಅಕ್ಷರ-ಅಂಕಿಗಳ ಸರ್ವಿಸ್ ಟ್ಯಾಗ್. ಎಚ್‌ಪಿ, ಲೆನೊವೊ, ಡೆಲ್ ಮೂವರೂ ರಿಪೇರಿಯವರಿಗಾಗಿ ಬರೆದ ಸರ್ವಿಸ್ ಕೈಪಿಡಿಗಳನ್ನು ತಮ್ಮ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಮಾದರಿ ಸಂಖ್ಯೆ ಹಾಕಿ ಹುಡುಕಿ, ಸ್ಟೋರೇಜ್ ಎಂಬ ಅಧ್ಯಾಯ ತೆರೆದರೆ ಯಾವ ಸ್ಲಾಟ್, ಯಾವ ಉದ್ದ, ಸಾಟಾವೋ ಎನ್‌ವಿಎಂಇಯೋ ಎಲ್ಲವೂ ಅಲ್ಲೇ ಇರುತ್ತದೆ. ಬಿಚ್ಚುವ ಕ್ರಮವೂ ಚಿತ್ರಸಹಿತ ಇರುತ್ತದೆ. ಅಂಗಡಿಯವನ ಬಾಯಿಮಾತಿಗಿಂತ ಇದು ಸಾವಿರ ಪಾಲು ಮೇಲು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗದಲ್ಲಿ ಡಿಸ್ಕ್ ಮೇಲೆ ಕ್ಲಿಕ್ಕಿಸಿ. ಈಗಿರುವುದು ಎಚ್‌ಡಿಡಿಯೋ ಎಸ್‌ಎಸ್‌ಡಿಯೋ ಅಲ್ಲೇ ತೋರಿಸುತ್ತದೆ. ಈಗಾಗಲೇ ಎಸ್‌ಎಸ್‌ಡಿ ಇದ್ದೂ ನಿಧಾನವಾಗಿದ್ದರೆ ರೋಗ ಬೇರೆಯೇ, ಔಷಧವೂ ಬೇರೆ.

ಖಾಲಿ ಜಾಗ ಕಂಡಿತೆಂದು ಹಿಗ್ಗುವ ಮೊದಲು ಇನ್ನೂ ಒಂದು ವಿಷಯ. ಎಂ.2 ಮಾತ್ರ ಇಟ್ಟು ಮಾರಿದ ಕೆಲವು ಮಾದರಿಗಳಲ್ಲಿ ಎರಡೂವರೆ ಇಂಚಿನ ಗೂಡು ಇರುತ್ತದೆ, ಆದರೆ ಅಲ್ಲಿಂದ ಮದರ್‌ಬೋರ್ಡಿಗೆ ಹೋಗುವ ಪಟ್ಟಿ ಕೇಬಲ್ಲನ್ನು ಕಂಪನಿ ಹಾಕಿರುವುದಿಲ್ಲ. ಎಂ.2 ಸ್ಲಾಟ್ ಖಾಲಿ ಬಿಟ್ಟ ಮಾದರಿಗಳಲ್ಲಿ ಅದರ ತುದಿ ಹಿಡಿಯುವ ಪುಟ್ಟ ತಿರುಪು ಇರುವುದಿಲ್ಲ. ಎರಡೂ ಬೇರೆಯಾಗಿ ಸಿಗುತ್ತವೆ, ಆದರೆ ಬೇಗೂರಿಗೆ ಮರಳಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ತೀರಾ ಅಗ್ಗದ ಕೆಲವು ಪುಟ್ಟ ಲ್ಯಾಪ್‌ಟಾಪುಗಳಲ್ಲಿ 32 ಅಥವಾ 64 ಜಿಬಿಯ ಇಎಂಎಂಸಿ ಚಿಪ್ಪನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಬೇರೆ ಸ್ಲಾಟ್ ಇಲ್ಲದಿದ್ದರೆ ಅದನ್ನು ಹಾಗೇ ಬಿಟ್ಟುಬಿಡಿ.

ಡಿವಿಡಿ ಡ್ರೈವ್ ಇರುವ ಹಳೆಯ ಯಂತ್ರವಾದರೆ ಅದನ್ನು ತೆಗೆದು ಆ ಜಾಗಕ್ಕೆ ಕ್ಯಾಡಿ ಎಂಬ ಚೌಕಟ್ಟು ಹಾಕಿ ಹಳೆಯ ಹಾರ್ಡ್ ಡಿಸ್ಕನ್ನು ಅಲ್ಲಿಗೆ ಸಾಗಿಸಬಹುದು. ಎಸ್‌ಎಸ್‌ಡಿ ಮಾತ್ರ ಮೂಲ ಗೂಡಿನಲ್ಲೇ ಇರಲಿ. ಕ್ಯಾಡಿ 9.5 ಮತ್ತು 12.7 ಮಿಲಿಮೀಟರ್ ಎಂಬ ಎರಡು ದಪ್ಪದಲ್ಲಿ ಬರುತ್ತದೆ, ಅಳೆದು ಹೋಗಿ.

ಎಷ್ಟು ದೊಡ್ಡದು, ಯಾವ ಗುಣದ್ದು

ವಿಂಡೋಸ್, ಆಫೀಸ್, ಅಪ್‌ಡೇಟುಗಳೆಲ್ಲ ಸೇರಿ 60–80 ಜಿಬಿ ನುಂಗುತ್ತವೆ. 240 ಜಿಬಿ ಎಂದು ಬರೆದದ್ದು ವಿಂಡೋಸಿನಲ್ಲಿ 223 ಎಂದು ಕಾಣುತ್ತದೆ, 500 ಎಂಬುದು 465 ಎಂದು. ಅಂಗಡಿಯವನು ಮೋಸ ಮಾಡಿದ್ದಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಓದುವ ಮಕ್ಕಳಿಗೆ, ಬರಿಯ ಅರ್ಜಿ ತುಂಬುವವರಿಗೆ 240–256 ಸಾಕಾಗುತ್ತದೆ, ಆದರೆ ಹತ್ತಿರ ಹತ್ತಿರ. ಬೆಲೆಯ ಅಂತರ ತಡೆದುಕೊಳ್ಳುವಂತಿದ್ದರೆ 500ಕ್ಕೇ ಹೋಗಿ. ಎಸ್‌ಎಸ್‌ಡಿಯನ್ನು ಕಂಠಮಟ್ಟ ತುಂಬಿದರೆ ಅದು ನಿಧಾನವಾಗುತ್ತದೆ, ಸವೆತವೂ ಹೆಚ್ಚು. ಶೇಕಡ ಹತ್ತರಿಂದ ಹದಿನೈದರಷ್ಟು ಜಾಗ ಸದಾ ಖಾಲಿ ಇರಬೇಕು. 120 ಜಿಬಿ ಈಗ ಯಾರು ಪುಕ್ಕಟೆ ಕೊಟ್ಟರೂ ಲಿನಕ್ಸಿಗೆ ಮಾತ್ರ.

ಗುಣದ ವಿಷಯದಲ್ಲಿ ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯದ ಮೂರು ಸಂಗತಿಗಳಿವೆ. ಒಂದೊಂದು ಕೋಶದಲ್ಲಿ ಮೂರು ಬಿಟ್ ತುಂಬಿದರೆ ಟಿಎಲ್‌ಸಿ, ನಾಲ್ಕು ತುಂಬಿದರೆ ಕ್ಯುಎಲ್‌ಸಿ. ನಾಲ್ಕು ತುಂಬಿದ್ದು ಅಗ್ಗ, ಆದರೆ ಬೇಗ ಸವೆಯುತ್ತದೆ. ದೊಡ್ಡ ಫೈಲ್ ನಕಲು ಮಾಡುವಾಗ ಆರಂಭದಲ್ಲಿ ಓಡಿ, ಆಮೇಲೆ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಕುಸಿಯುವುದೂ ಉಂಟು. ಎರಡನೆಯದು ಡಿರ‍್ಯಾಮ್. ಯಾವ ಮಾಹಿತಿ ಎಲ್ಲಿದೆ ಎಂಬ ನಕ್ಷೆಯನ್ನು ಇಟ್ಟುಕೊಳ್ಳಲು ಎಸ್‌ಎಸ್‌ಡಿಯೊಳಗೇ ಇರುವ ಪುಟ್ಟ ಮೆಮೊರಿ ಅದು. ಸಾಟಾದಲ್ಲಿ ಡಿರ‍್ಯಾಮ್ ಇರುವುದು ಭಾರವಾದ ಕೆಲಸಕ್ಕೆ ಒಳ್ಳೆಯದು. ಎನ್‌ವಿಎಂಇಯಲ್ಲಿ ಇಲ್ಲದಿದ್ದರೂ ಅಷ್ಟು ತೊಂದರೆಯಿಲ್ಲ, ಅದು ಲ್ಯಾಪ್‌ಟಾಪಿನ ರ‍್ಯಾಮಿನಿಂದಲೇ ಸ್ವಲ್ಪ ಜಾಗ ಎರವಲು ಪಡೆಯುತ್ತದೆ.

ಮೂರನೆಯದು ಟಿಬಿಡಬ್ಲ್ಯು, ಎಂದರೆ ವಾರಂಟಿ ಅವಧಿಯಲ್ಲಿ ಎಷ್ಟು ಟೆರಾಬೈಟ್ ಬರೆಯಬಹುದೆಂದು ಕಂಪನಿ ಕೊಡುವ ಮಾತು. ಅಗ್ಗದ ಸಾಟಾ ಮಾದರಿಗಳಾದ ಕಿಂಗ್‌ಸ್ಟನ್ ಎ400 ಮತ್ತು ಕ್ರೂಷಿಯಲ್ ಬಿಎಕ್ಸ್500ರ 240 ಜಿಬಿ ಆವೃತ್ತಿಗೆ ಇದು 80 ಟಿಬಿ, ವಾರಂಟಿ 3 ವರ್ಷ. ಡಿರ‍್ಯಾಮ್ ಇರುವ ಸ್ಯಾಮ್‌ಸಂಗ್ 870 ಇವೊದ 500 ಜಿಬಿಗೆ 300 ಟಿಬಿ, ವಾರಂಟಿ 5 ವರ್ಷ. ಎಂಬತ್ತು ಕೇಳಿ ಹೆದರಬೇಡಿ. ದಿನಕ್ಕೆ 20 ಜಿಬಿ ಬರೆದರೂ 80 ಟಿಬಿ ಮುಗಿಯಲು ಸುಮಾರು 11 ವರ್ಷ ಬೇಕು. ಸೇವಾ ಕೇಂದ್ರದ ಲ್ಯಾಪ್‌ಟಾಪ್ ಅಷ್ಟು ಬರೆಯುವುದೂ ಇಲ್ಲ. ನಾನು ಟಿಬಿಡಬ್ಲ್ಯು ನೋಡುವುದು ಸವೆತಕ್ಕೆ ಹೆದರಿಯಲ್ಲ, ಕಂಪನಿಗೆ ತನ್ನ ಸರಕಿನ ಮೇಲೆ ಎಷ್ಟು ಭರವಸೆ ಇದೆ ಎಂದು ಅಳೆಯಲು. ಅದನ್ನು ಎಲ್ಲೂ ಬರೆಯದ ಕಂಪನಿಯ ಎಸ್‌ಎಸ್‌ಡಿಯನ್ನು ಮುಟ್ಟುವುದಿಲ್ಲ.

ಬೇಗೂರಿನ ಸಾಮಾನ್ಯ ಬಳಕೆದಾರರಿಗೆ ನನ್ನ ಆಯ್ಕೆ: ಗೂಡು ಇದ್ದರೆ ಹೆಸರಿರುವ ಕಂಪನಿಯ 500 ಜಿಬಿ ಸಾಟಾ, ಎಂ.2 ಎನ್‌ವಿಎಂಇ ಸ್ಲಾಟ್ ಇದ್ದರೆ ಮೂರನೇ ಅಥವಾ ನಾಲ್ಕನೇ ತಲೆಮಾರಿನ ಅಗ್ಗದ ಎನ್‌ವಿಎಂಇ. ಮೂರನೇ ತಲೆಮಾರಿನ ಸ್ಲಾಟಿಗೆ ನಾಲ್ಕನೆಯದನ್ನು ಹಾಕಿದರೂ ನಡೆಯುತ್ತದೆ, ಸ್ಲಾಟಿನ ವೇಗಕ್ಕೆ ತಗ್ಗಿ ಓಡುತ್ತದೆ. ಐದನೇ ತಲೆಮಾರಿನ ದುಬಾರಿ ಎಸ್‌ಎಸ್‌ಡಿ ಹಳೆಯ ಲ್ಯಾಪ್‌ಟಾಪಿಗೆ ದಂಡ. ಬಿಸಿಯೂ ಹೆಚ್ಚು, ಬ್ಯಾಟರಿಯೂ ಬೇಗ ಇಳಿಯುತ್ತದೆ.

ಬೆಲೆ, ಬಿಲ್ಲು, ನಕಲಿ ಮಾಲು

ರೂಪಾಯಿ ಲೆಕ್ಕವನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅಚ್ಚಾಗಿ ನಿಮ್ಮ ಕೈಸೇರುವ ಹೊತ್ತಿಗೆ ಅದು ಹಳತಾಗಿರುತ್ತದೆ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಎರಡರ ಬೆಲೆಯೂ ಮೇಲೇರಿತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದು ಅದಕ್ಕೆ ಮುಖ್ಯ ಕಾರಣ. ಅದೇ ಹೊಡೆತಕ್ಕೆ 2025ರ ಡಿಸೆಂಬರ್‌ನಲ್ಲಿ ಅಮೆರಿಕದ ಮೈಕ್ರಾನ್ ಕಂಪನಿ, ಜನಸಾಮಾನ್ಯರು ಕೊಳ್ಳುವ ಕ್ರೂಷಿಯಲ್ ಬ್ರಾಂಡನ್ನೇ ಕೈಬಿಡುವುದಾಗಿ ಘೋಷಿಸಿತು. ಈಗಾಗಲೇ ಮಾರಾಟವಾದದ್ದಕ್ಕೆ ವಾರಂಟಿ ಮುಂದುವರಿಯುತ್ತದೆ ಎಂದಿದೆ. ವೆಸ್ಟರ್ನ್ ಡಿಜಿಟಲ್‌ನ ಫ್ಲ್ಯಾಶ್ ವ್ಯವಹಾರ 2025ರ ಫೆಬ್ರುವರಿಯಲ್ಲಿ ಸ್ಯಾನ್‌ಡಿಸ್ಕ್ ಎಂಬ ಪ್ರತ್ಯೇಕ ಕಂಪನಿಯಾಯಿತು. ಹಾಗಾಗಿ ಹಳೆಯ ಹೆಸರು ಹೊಸ ಡಬ್ಬಿ ಕಂಡರೆ ಗಾಬರಿ ಬೇಡ.

ಹೊರಡುವ ಹಿಂದಿನ ರಾತ್ರಿ ನಿಮಗೆ ಬೇಕಾದ ಮಾದರಿಯ ಬೆಲೆಯನ್ನು ಎರಡು ಆನ್‌ಲೈನ್ ಮಳಿಗೆಗಳಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಮೈಸೂರಿನ ಅಂಗಡಿಯಲ್ಲಿ ಇನ್ನೂರು ಮುನ್ನೂರು ಹೆಚ್ಚಾದರೂ ನಾನು ಅಂಗಡಿಯ ಪರ. ಕೆಟ್ಟರೆ ಹೋಗಿ ಕೇಳಲು ಒಂದು ಬಾಗಿಲು ಇರುತ್ತದೆ. ಆದರೆ ಸೀರಿಯಲ್ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ ಇಲ್ಲದೆ ಹೊರಬರಬೇಡಿ. ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ಕೊಡ್ತೀನಿ ಎನ್ನುವ ಕಡೆ, ಕಡಿಮೆಯಾಗುವುದು ವಾರಂಟಿಯೇ.

ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಎಸ್.ಪಿ. ರಸ್ತೆಯಿಂದ, ಅಂದರೆ ಸಾದರ ಪತ್ರಪ್ಪ ರಸ್ತೆಯಿಂದ ತರಿಸುವ ರೂಢಿಯೂ ಇದೆ. ಅಲ್ಲಿ ಒಳ್ಳೆಯ ಮಾಲೂ ಸಿಗುತ್ತದೆ, ಬೇರೆ ಲ್ಯಾಪ್‌ಟಾಪಿನಿಂದ ಕಳಚಿದ ಬಳಸಿದ ಎಸ್‌ಎಸ್‌ಡಿಯೂ ಸಿಗುತ್ತದೆ. ಹೊಸದೆಂದು ಕೊಟ್ಟಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಪರೀಕ್ಷಿಸಿ. ಎಷ್ಟು ಗಂಟೆ ಓಡಿದೆ, ಎಷ್ಟು ಬಾರಿ ಆನ್ ಆಗಿದೆ, ಎಷ್ಟು ಬರೆದಿದೆ ಎಲ್ಲವನ್ನೂ ಅದು ತೋರಿಸುತ್ತದೆ. ಹೊಸ ಎಸ್‌ಎಸ್‌ಡಿಯಲ್ಲಿ ಓಡಿದ ಗಂಟೆ ಸೊನ್ನೆ ಅಥವಾ ಒಂದೆರಡು ಇರಬೇಕು. ಸಾವಿರಗಟ್ಟಲೆ ಇದ್ದರೆ ಮಾತಾಡುವ ಅಗತ್ಯವೇ ಇಲ್ಲ, ವಾಪಸ್.

ಆನ್‌ಲೈನಿನಲ್ಲಿ ನಂಬಲಾಗದ ಅಗ್ಗಕ್ಕೆ ಹೆಸರೇ ಕೇಳದ ಕಂಪನಿಯ 2 ಟಿಬಿ, 16 ಟಿಬಿ ಎಸ್‌ಎಸ್‌ಡಿ ಕಂಡರೆ ಅದು ಮೋಸ. ಬಿಚ್ಚಿದರೆ ಒಳಗೆ ಪುಟ್ಟ ಮೆಮೊರಿ ಕಾರ್ಡ್ ಇರುತ್ತದೆ. ವಿಂಡೋಸಿಗೆ ಮಾತ್ರ ದೊಡ್ಡ ಗಾತ್ರ ಹೇಳುವಂತೆ ತಿದ್ದಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ತಂತ್ರಾಂಶ ಡ್ರೈವನ್ನು ತುದಿಯವರೆಗೆ ತುಂಬಿ, ಮತ್ತೆ ಓದಿ ತಾಳೆ ನೋಡುತ್ತದೆ. ವಾಪಸ್ ಕೊಡುವ ಗಡುವು ಮುಗಿಯುವ ಮುನ್ನ ಈ ಪರೀಕ್ಷೆ ಮಾಡಿ.

ತಿರುಪು ಬಿಚ್ಚುವ ಮುನ್ನ

ಮೊದಲು ನಕಲು. ಹಳೆಯ ಡಿಸ್ಕಿನಲ್ಲಿರುವ ಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೋ ಇನ್ನೊಂದು ಡಿಸ್ಕಿಗೋ ಹಾಕಿ. ಸಾವಿನಂಚಿನ ಹಾರ್ಡ್ ಡಿಸ್ಕುಗಳು ಇಂಥ ಕೆಲಸದ ನಡುವೆಯೇ ಕೈಕೊಡುತ್ತವೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಳದಿ ಎಚ್ಚರಿಕೆ ತೋರಿಸಿದರೆ ಇಡೀ ಡಿಸ್ಕಿನ ಪಡಿಯಚ್ಚು ತೆಗೆಯುವ ಆಸೆ ಬಿಟ್ಟು ಫೋಟೊ, ದಾಖಲೆಗಳನ್ನು ಉಳಿಸಿಕೊಳ್ಳಿ.

ಎರಡನೆಯದು ಬಿಟ್‌ಲಾಕರ್. ಈಚಿನ ವಿಂಡೋಸ್ 11 ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಡಿಸ್ಕಿಗೆ ತಾನಾಗಿಯೇ ಬೀಗ ಬಿದ್ದಿರುತ್ತದೆ, ಮಾಲೀಕರಿಗೆ ಗೊತ್ತೂ ಇರುವುದಿಲ್ಲ. ಆ ಬೀಗ ತೆರೆಯುವ 48 ಅಂಕಿಗಳ ಕೀಲಿ ಅದೇ ಖಾತೆಯಲ್ಲಿ ಇರುತ್ತದೆ. ಯಾವ ಇಮೇಲ್ ಕೊಟ್ಟಿದ್ದಿರಿ, ಅದರ ಪಾಸ್‌ವರ್ಡ್ ನೆನಪಿದೆಯೇ ಎಂದು ಯಂತ್ರ ಓಡುತ್ತಿರುವಾಗಲೇ ನೋಡಿಕೊಂಡು, ಕೀಲಿಯನ್ನು ಕಾಗದಕ್ಕೆ ಇಳಿಸಿ. ಅಂಗಡಿಯಲ್ಲಿ ಲ್ಯಾಪ್‌ಟಾಪ್ ಖರೀದಿಸಿದಾಗ ಅಂಗಡಿಯ ಹುಡುಗನೇ ಯಾವುದೋ ಇಮೇಲ್ ಹಾಕಿ ಕೊಟ್ಟಿದ್ದರಂತೂ ಈ ಕೆಲಸ ಇಂದೇ ಆಗಬೇಕು.

ಹಳೆಯದನ್ನೇ ಪಡಿಯಚ್ಚಾಗಿ ಹೊಸದಕ್ಕೆ ಇಳಿಸುವುದೋ, ವಿಂಡೋಸನ್ನು ಹೊಸದಾಗಿ ಹಾಕುವುದೋ? ವಿದ್ಯಾರ್ಥಿಗಳಿಗೆ ಹೊಸದಾಗಿ ಹಾಕುವುದೇ ಸರಿ. 8 ಜಿಬಿ ಪೆನ್‌ಡ್ರೈವ್ ಮತ್ತು ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಸಾಕು. ಅಸಲಿ ವಿಂಡೋಸ್ ಇದ್ದ ಯಂತ್ರವಾದರೆ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಇಂಟರ್ನೆಟ್ ಸಿಕ್ಕೊಡನೆ ತಾನಾಗಿ ಸಕ್ರಿಯವಾಗುತ್ತದೆ. ಮೊದಲಿದ್ದದ್ದು ಹೋಮ್ ಆದರೆ ಹೋಮ್, ಪ್ರೊ ಆದರೆ ಪ್ರೊ, ಅದನ್ನು ತಪ್ಪಿಸಬೇಡಿ. ಇಂಟೆಲ್ 11ನೇ ತಲೆಮಾರಿನ ಯಂತ್ರಗಳಲ್ಲಿ ಅನುಸ್ಥಾಪನೆಯ ವೇಳೆ ಡ್ರೈವೇ ಕಾಣದಿದ್ದರೆ ಎಸ್‌ಎಸ್‌ಡಿ ಕೆಟ್ಟಿದೆ ಎಂದು ಓಡಬೇಡಿ. ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಬೇಕಾಗಿರುತ್ತದೆ, ಲ್ಯಾಪ್‌ಟಾಪ್ ಕಂಪನಿಯ ಪುಟದಲ್ಲಿ ಸಿಗುತ್ತದೆ.

ಸೇವಾ ಕೇಂದ್ರ ಮತ್ತು ಡಿಟಿಪಿಯವರಿಗೆ ಪಡಿಯಚ್ಚೇ ವಾಸಿ. ಹೊಸದಾಗಿ ಹಾಕಿದರೆ ಬೆರಳಚ್ಚು ಯಂತ್ರದ ಆರ್‌ಡಿ ಸರ್ವಿಸ್, ಡಿಜಿಟಲ್ ಸಹಿಯ ಟೋಕನ್ ಡ್ರೈವರ್, ಪ್ರಿಂಟರ್, ಸ್ಕ್ಯಾನರ್ ಎಲ್ಲವನ್ನೂ ಒಂದೊಂದಾಗಿ ಕೂರಿಸಬೇಕು. ಒಂದು ದಿನದ ದುಡಿಮೆ ಅಲ್ಲೇ ಹೋಯಿತು. ಡಿಟಿಪಿಯವರ ಪಾಡು ಇನ್ನೂ ಸೂಕ್ಷ್ಮ. ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿಟ್ಟ ಲಗ್ನಪತ್ರಿಕೆ, ಕರಪತ್ರಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಏನೇ ಮಾಡಿದರೂ ಸರಿ, ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ಪೂರ್ತಿ ನಕಲು ಮಾಡಿ ಎತ್ತಿಡಿ. ಈ ಮಾತನ್ನು ರಿಪೇರಿಯವರು ಹೇಳುವುದಿಲ್ಲ.

ಪಡಿಯಚ್ಚಿಗೆ ಎಸ್‌ಎಸ್‌ಡಿ ಕಂಪನಿಗಳೇ ತಂತ್ರಾಂಶ ಕೊಡುತ್ತವೆ. ಸ್ಯಾಮ್‌ಸಂಗ್‌ಗೆ ತನ್ನದೇ, ಬೇರೆ ಹಲವರಿಗೆ ಆಕ್ರೊನಿಸ್. ಉಚಿತವಾದ ಕ್ಲೋನ್‌ಜಿಲ್ಲಾ ಇದೆ, ಆದರೆ ಅದು ಸಹಜವಾಗಿ ಕೇಳುವುದು ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡ ಡ್ರೈವನ್ನು. 1 ಟಿಬಿ ಹಾರ್ಡ್ ಡಿಸ್ಕಿನಿಂದ 500 ಜಿಬಿಗೆ ಇಳಿಸುವವರು ಕಂಪನಿಯ ತಂತ್ರಾಂಶವನ್ನೇ ನೆಚ್ಚಿಕೊಳ್ಳುವುದು ಸುಲಭ. ಸಾಟಾ ಡ್ರೈವಾದರೆ ಅದನ್ನು ಹೊರಗಿನಿಂದ ಜೋಡಿಸಲು ಯುಎಸ್‌ಬಿ–ಸಾಟಾ ಕೇಬಲ್ಲನ್ನೂ ಖರೀದಿಪಟ್ಟಿಗೆ ಸೇರಿಸಿ.

ಕೂರಿಸುವ ಕೆಲಸ

ಕೈ ಸ್ಥಿರವಿದ್ದವರು ಇದನ್ನು ಮನೆಯಲ್ಲೇ ಮಾಡಬಹುದು. ಶಿಫ್ಟ್ ಒತ್ತಿಕೊಂಡು ಶಟ್‌ಡೌನ್ ಕೊಡಿ, ಆಗ ಯಂತ್ರ ಪೂರ್ತಿ ಮಲಗುತ್ತದೆ. ಚಾರ್ಜರ್ ತೆಗೆಯಿರಿ. ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ಚಿತ್ರ ಬರೆದು, ಬಿಚ್ಚಿದ ತಿರುಪನ್ನು ಆಯಾ ಜಾಗದಲ್ಲೇ ಇಡಿ. ಹಿಂಬದಿಯವು ಉದ್ದ, ಮುಂಬದಿಯವು ಗಿಡ್ಡ ಇರುವುದುಂಟು, ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಬಿಗಿದರೆ ಮೇಲಿನ ಹೊದಿಕೆಗೇ ತೂತು. ಎಲ್ಲ ಬಿಚ್ಚಿಯೂ ಮುಚ್ಚಳ ಏಳದಿದ್ದರೆ ಬಲ ಹಾಕಬೇಡಿ, ರಬ್ಬರ್ ಕಾಲುಗಳ ಅಡಿಯಲ್ಲಿ ಇನ್ನೂ ಎರಡು ತಿರುಪು ಅಡಗಿರುತ್ತವೆ. ಹಳೆಯ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಸುತ್ತ ಎಳೆದರೆ ಕೊಂಡಿಗಳು ಟಕ್ ಟಕ್ ಎಂದು ಬಿಡುತ್ತವೆ.

ತೆರೆದೊಡನೆ ಮೊದಲ ಕೆಲಸ ಬ್ಯಾಟರಿಯ ಕೊಂಡಿ ಕಳಚುವುದು. ಆಮೇಲೆ ಒಮ್ಮೆ ನಲ್ಲಿಯ ಕಬ್ಬಿಣದ ಪೈಪನ್ನೋ ಬೀರುವಿನ ಬಣ್ಣವಿಲ್ಲದ ಭಾಗವನ್ನೋ ಮುಟ್ಟಿ ಬನ್ನಿ, ಮೈಯಲ್ಲಿ ಕೂತ ಸ್ಥಿರ ವಿದ್ಯುತ್ ಇಳಿಯುತ್ತದೆ. ಎಂ.2 ಡ್ರೈವನ್ನು ಸುಮಾರು ಮೂವತ್ತು ಡಿಗ್ರಿ ಓರೆಯಾಗಿ ಸ್ಲಾಟಿಗೆ ತಳ್ಳಬೇಕು. ಹಲ್ಲುಗಳ ಚಿನ್ನದ ಬಣ್ಣ ಬಹುಪಾಲು ಮರೆಯಾಗುವವರೆಗೆ ಒಳಹೋದರೆ ಸರಿಯಾಗಿ ಕೂತಿದೆ ಎಂದರ್ಥ. ಕೈಬಿಟ್ಟರೆ ಅದು ಓರೆಯಾಗಿಯೇ ನಿಲ್ಲುತ್ತದೆ, ಬೆರಳಲ್ಲಿ ಒತ್ತಿ ಮಲಗಿಸಿ ತಿರುಪು ಹಾಕಿ. ತಿರುಪಿಲ್ಲ ಎಂದು ಟೇಪ್ ಅಂಟಿಸುವವರಿದ್ದಾರೆ. ಬಿಸಿಗೆ ಟೇಪ್ ಬಿಡುತ್ತದೆ, ಬೇಡ.

ರಿಪೇರಿ ಅಂಗಡಿಯಲ್ಲಿ ಹಾಕಿಸುವುದಾದರೆ ಬಿಟ್ಟು ಬರಬೇಡಿ, ಎದುರು ಕೂತು ಹಾಕಿಸಿ. ಅಪನಂಬಿಕೆಯ ಮಾತಲ್ಲ, ಆ ಡಿಸ್ಕಿನಲ್ಲಿ ನಿಮ್ಮ ಮನೆಯ ಫೋಟೊಗಳೂ ಊರಿನವರ ಆಧಾರ್ ಪ್ರತಿಗಳೂ ಇವೆ. ಹಳೆಯ ಡಿಸ್ಕನ್ನು ಕೇಳಿ ವಾಪಸ್ ಪಡೆಯಿರಿ.

ಎಸ್‌ಎಸ್‌ಡಿ ಹಾಕಿದ ಮೇಲೆ ಡಿಫ್ರಾಗ್ ತಂತ್ರಾಂಶಗಳ ಸಹವಾಸ ಬೇಡ, ಅದಕ್ಕೆ ಬೇಕಾದ ಟ್ರಿಮ್ ಕೆಲಸವನ್ನು, ಅಂದರೆ ಅಳಿಸಿದ ಫೈಲುಗಳ ಜಾಗವನ್ನು ತೆರವು ಮಾಡುವುದನ್ನು, ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ಆದರೆ ಟ್ರಿಮ್‌ನಿಂದ ಒಂದು ನಷ್ಟವೂ ಇದೆ: ಅಳಿಸಿದ ಫೈಲನ್ನು ಹಾರ್ಡ್ ಡಿಸ್ಕಿನಿಂದ ಎಷ್ಟೋ ಸಲ ಹಿಂದಕ್ಕೆ ಪಡೆಯಬಹುದಿತ್ತು, ಎಸ್‌ಎಸ್‌ಡಿಯಿಂದ ಅದು ಹೆಚ್ಚುಕಡಿಮೆ ಅಸಾಧ್ಯ. ಹಾರ್ಡ್ ಡಿಸ್ಕ್ ಸಾಯುವ ಮುನ್ನ ಕಟಕಟ ಸದ್ದು ಮಾಡಿ ಎಚ್ಚರಿಸುತ್ತಿತ್ತು, ಎಸ್‌ಎಸ್‌ಡಿ ಒಂದು ಬೆಳಿಗ್ಗೆ ಸುಮ್ಮನೆ ಏಳುವುದಿಲ್ಲ. ವಾರಂಟಿಯಲ್ಲಿ ಹೊಸ ಡ್ರೈವ್ ಸಿಗುತ್ತದೆ, ನಿಮ್ಮ ಫೈಲುಗಳು ಸಿಗುವುದಿಲ್ಲ.

ನಮ್ಮ ಕಡೆ ಗಾಳಿ ಮಳೆ ಬಂತೆಂದರೆ ಕರೆಂಟು ಹೋಗುವುದು ಮಾಮೂಲು. ಬ್ಯಾಟರಿ ಸತ್ತು ಚಾರ್ಜರಿನ ಮೇಲೆಯೇ ಓಡುವ ಲ್ಯಾಪ್‌ಟಾಪ್ ಆಗ ದಿಢೀರನೆ ಆರುತ್ತದೆ. ಬರೆಯುವ ಹೊತ್ತಿನಲ್ಲಿ ಹೀಗಾದರೆ ಮನೆಬಳಕೆಯ ಎಸ್‌ಎಸ್‌ಡಿಗಳಿಗೆ ಪೆಟ್ಟು. ಹೀಗೆ ವಿದ್ಯುತ್ ಹೋದಾಗ ಕೆಲಸ ಮುಗಿಸಿಕೊಳ್ಳಲು ಬೇಕಾದ ಕೆಪಾಸಿಟರುಗಳು ದುಬಾರಿ ಸರ್ವರ್ ಮಾದರಿಗಳಲ್ಲಿ ಮಾತ್ರ ಇರುತ್ತವೆ. ಹತ್ತು ನಿಮಿಷ ತಡೆಯುವ ಬ್ಯಾಟರಿಯೋ ಪುಟ್ಟ ಯುಪಿಎಸ್ಸೋ ಇಲ್ಲದೆ ಸೇವಾ ಕೇಂದ್ರಕ್ಕೆ ಎಸ್‌ಎಸ್‌ಡಿ ಹಾಕುವುದು ಅರ್ಧ ಕೆಲಸ.

ಕೊನೆಗೆ ಆ ಹಳೆಯ ಹಾರ್ಡ್ ಡಿಸ್ಕ್. ಆರೋಗ್ಯ ಚೆನ್ನಾಗಿದ್ದರೆ ಅದಕ್ಕೊಂದು ಯುಎಸ್‌ಬಿ ಕೇಸ್ ಹಾಕಿಸಿ, ವಾರಕ್ಕೊಮ್ಮೆ ಫೈಲುಗಳ ನಕಲು ಇಡಲು ಬಳಸಿ. ಮೇಷ್ಟ್ರು, ವಿದ್ಯಾರ್ಥಿಗಳಿಗೆ ಇದಕ್ಕಿಂತ ಅಗ್ಗದ ಬ್ಯಾಕಪ್ ಇಲ್ಲ. ಎಸ್‌ಎಸ್‌ಡಿಯನ್ನೇ ಬ್ಯಾಕಪ್ ಎಂದು ವರ್ಷಗಟ್ಟಲೆ ಬೀರುವಿನಲ್ಲಿ ಇಡುವುದು ಬೇಡ. ಮೆಮೊರಿ ಉದ್ಯಮದ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ಪ್ರಕಾರ ತನ್ನ ಪೂರ್ತಿ ಆಯುಷ್ಯ ಬರೆದು ಮುಗಿಸಿದ ಎಸ್‌ಎಸ್‌ಡಿ ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಹಿತಿ ಕಾಪಾಡಬೇಕಾದದ್ದು ಒಂದು ವರ್ಷ ಮಾತ್ರ. ಹೊಸತು ಅದಕ್ಕಿಂತ ಹೆಚ್ಚು ತಡೆಯುತ್ತದೆ, ನಮ್ಮ ಏಪ್ರಿಲ್ ತಿಂಗಳ ಬಿಸಿಲಿಗೆ ಎಲ್ಲವೂ ಕಡಿಮೆ.

ಡಿಸ್ಕನ್ನು ಮಾರುವುದಾದರೆ ಮೊದಲು ಪೂರ್ತಿ ಮೇಲೆ ಬರೆದು ಅಳಿಸಿ. ಬರಿಯ ಕ್ವಿಕ್ ಫಾರ್ಮ್ಯಾಟ್ ಸಾಲದು, ಅದರಿಂದ ಒಳಗಿನದು ಎಲ್ಲೂ ಹೋಗುವುದಿಲ್ಲ. ಕೆಟ್ಟು ನಿಂತ ಡಿಸ್ಕಾದರೆ ಗುಜರಿಗೆ ಹಾಕುವ ಮುನ್ನ ಬಡಗಿಯ ಡ್ರಿಲ್‌ನಿಂದ ತಟ್ಟೆಯ ನಡುವೆ ಎರಡು ತೂತು ಹೊಡೆಸಿ.